ಅಳುವಿಗೂ ಲೆಕ್ಕವಿದೆ

ಸ್ಪೇನಿನ ಫ್ಲಮೆಂಕೊ ಸಂಗೀತದ ಬಗ್ಗೆ ಬರೆಯುವವರು ಸೆಗಿರಿಯಾ ಎಂಬ ಹಾಡಿನ ಹತ್ತಿರ ಬಂದ ಕೂಡಲೇ ಬುದ್ಧಿಯನ್ನು ಹೊಸಿಲಾಚೆ ಬಿಟ್ಟು ಬರುತ್ತಾರೆ. ರಕ್ತ, ಸಾವು, ಕರುಳಿನ ಕೂಗು, ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಈ ಚಾಳಿಗೆ ದೊಡ್ಡವರ ಆಶೀರ್ವಾದವೂ ಇದೆ. 1922ರಲ್ಲಿ ಸಂಗೀತಕಾರ ಫಾಯಾ, ಕವಿ ಲೋರ್ಕಾ ಮುಂತಾದವರು ಗ್ರನಾಡಾದಲ್ಲಿ ನಡೆಸಿದ ಗಾಯನ ಸ್ಪರ್ಧೆ ವೃತ್ತಿಗಾಯಕರನ್ನು ಕಣದಿಂದ ಹೊರಗಿಟ್ಟಿತು. ಕಾಸು ಮುಟ್ಟಿದ ಕಂಠಕ್ಕೆ ದುಃಖ ಒಲಿಯದು ಎಂಬ ನಂಬಿಕೆ. ತೀರ್ಪುಗಾರರ ಅಧ್ಯಕ್ಷ ಮಾತ್ರ ಅಂತೋನಿಯೊ ಚಾಕೋನ್, ಹಾಡಿಯೇ ಹೊಟ್ಟೆ ಹೊರೆದವನು!

ಹಾಡನ್ನೇ ಕೇಳೋಣ. ಹನ್ನೆರಡು ಮಾತ್ರೆಗಳು ಇಲ್ಲಿ ಎರಡು, ಎರಡು, ಮೂರು, ಮೂರು, ಎರಡು ಎಂದು ಒಡೆಯುತ್ತವೆ. ಹೆಜ್ಜೆ ಐದು, ಅವುಗಳಲ್ಲಿ ಮೂರನೆಯದೂ ನಾಲ್ಕನೆಯದೂ ಉದ್ದ. ಕಿವಿ ಎರಡರ ನಡೆಗೆ ಒಗ್ಗಿಕೊಳ್ಳುವಷ್ಟರಲ್ಲಿ ಗಿಟಾರು ಮೂರಕ್ಕೆ ಎಳೆಯುತ್ತದೆ. ಎಡವಿದಂಥ ಆ ಅನುಭವವನ್ನೇ ನಾವು ಸಂಕಟ ಎನ್ನುತ್ತೇವೆ. ಪದ್ಯದ್ದೂ ಅದೇ ಹೂಟ. 6, 6, 11, 6 ಅಕ್ಷರಗಳ ನಾಲ್ಕು ಸಾಲು. ಮೂರನೆಯದು ಒಮ್ಮೆಲೇ ಉದ್ದವಾಗಿ ಉಸಿರನ್ನು ಪರೀಕ್ಷಿಸುತ್ತದೆ. ಹೆರೆಸ್‌ನ ಗಾಯಕ ಮಾನ್ವೆಲ್ ತೊರ್ರೆಯನ್ನು ಮೈಮೇಲೆ ಬಂದವನಂತೆ ಹಾಡುತ್ತಿದ್ದ ಎಂದು ಹೊಗಳುತ್ತಾರೆ. ಆದರೆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಪೀಠಿಕೆಯ ‘ಆಯ್’, ಪದ್ಯ, ಮುಕ್ತಾಯ ಎಲ್ಲವೂ ಅಷ್ಟರಲ್ಲೇ ಆಗಬೇಕು. ಮೈಮೇಲೆ ಬಂದವರಿಗೆ ಅಂಥ ಅಳತೆ ಇರುವುದಿಲ್ಲ.

ಬರೀ ಅಳು ಎನ್ನುವವರು ‘ಕಬಾಲ್’ ಬಗ್ಗೆ ಬಾಯಿ ಬಿಡುವುದಿಲ್ಲ. ಸೆಗಿರಿಯಾದ ಕೊನೆಗೆ ಅದನ್ನು ಸೇರಿಸಿದಾಗ ರಾಗ ಮೇಜರ್ ಸ್ವರಶ್ರೇಣಿಗೆ ಹೊರಳುತ್ತದೆ, ಕತ್ತಲೆಯ ಕೋಣೆಗೆ ದೀಪ ತಂದಂತೆ. ಈ ತಿರುವಿನ ಶ್ರೇಯವನ್ನು ಸಾಮಾನ್ಯವಾಗಿ ಗಾಯಕ ಸಿಲ್ವೇರಿಯೊ ಫ್ರಾಂಕೊನೆತ್ತಿಗೆ ಕೊಡುತ್ತಾರೆ. ಅವನ ಅಪ್ಪ ಇಟಲಿಯವನು. ಸಿಲ್ವೇರಿಯೊ ಸ್ವತಃ ಸೆವಿಲ್ಲೆಯಲ್ಲಿ ಹಾಡಿನ ಕಫೆ ಇಟ್ಟ ವ್ಯಾಪಾರಿ! ಜಿಪ್ಸಿಯಲ್ಲದ ಈ ಮನುಷ್ಯನಿಂದಾಗಿಯೇ ಶುದ್ಧಿವಾದಿಗಳಿಗೆ ಇರಿಸುಮುರಿಸು. 1963ರಲ್ಲಿ ಗಾಯಕ ಮೈರೇನಾ ಮತ್ತು ಕವಿ ಮೊಲೀನಾ ಸೇರಿ ಬರೆದ ಪುಸ್ತಕ ಈ ಗಾಯನದ ತಿರುಳನ್ನು ಜಿಪ್ಸಿ ಮನೆಗಳೊಳಗೆ ಇಟ್ಟು ಬೀಗ ಹಾಕಿತು. ಆ ಮನೆತನಗಳ ಕೊಡುಗೆ ದೊಡ್ಡದೇ, ಒಪ್ಪೋಣ. ಬೀಗಕ್ಕೆ ಮಾತ್ರ ಪುರಾವೆಯಿಲ್ಲ.

ನಮ್ಮವರದು ಇನ್ನೊಂದು ಹುರುಪು: ಇದೆಲ್ಲ ರಾಜಸ್ಥಾನದಿಂದ ಹೋದದ್ದಂತೆ. ಭಾರತದ ಮೂಲವನ್ನು ಲೋರ್ಕಾನೂ ಹಾಡಿ ಹೊಗಳಿದ್ದ. ಜಿಪ್ಸಿಗಳ, ಅಂದರೆ ರೋಮಾ ಜನರ, ಪೂರ್ವಿಕರು ಇಲ್ಲಿಂದ ಹೊರಟದ್ದಕ್ಕೆ ಅವರ ಭಾಷೆಯೇ ಸಾಕ್ಷಿ. ಆದರೆ ಅವರು ಸ್ಪೇನ್ ಮುಟ್ಟಿದ್ದು 15ನೇ ಶತಮಾನದಲ್ಲಿ. ಸೆಗಿರಿಯಾ ಈ ರೂಪಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಕಾದಿಸ್, ಹೆರೆಸ್, ಸೆವಿಲ್ಲೆಗಳಲ್ಲಿ. ಹಂಗೇರಿಯ ರೋಮಾಗಳು ಅದನ್ನೇಕೆ ಹಾಡಲಿಲ್ಲ? ಉತ್ತರ ಈ ಊರುಗಳಿರುವ ಆಂದಲೂಸಿಯಾದ ಬೀದಿಗಳಲ್ಲಿದೆ, ನಮ್ಮ ಹೆಮ್ಮೆಯಲ್ಲಿಲ್ಲ.

ತೊರ್ರೆಯ ಧ್ವನಿಮುದ್ರಣಗಳು ಈಗ ಸುಲಭವಾಗಿ ಸಿಗುತ್ತವೆ. ಮೊದಲ ಸಲ ಕಂಠವನ್ನು ಬದಿಗಿಟ್ಟು ಗಿಟಾರಿನ ಐದು ಹೆಜ್ಜೆಗಳನ್ನಷ್ಟೇ ಎಣಿಸಿ. ಕಣ್ಣೀರಿಗೆ ಎರಡನೇ ಸಲ ಅವಕಾಶವಿದೆ.