ಬೆದರುವುದೂ ಒಂದು ಕಸುಬೇ?

ದೀಪಾವಳಿ ಪಾಡ್ಯ ಕಳೀತು ಅಂದ್ರೆ ನಮ್ಮ ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಬೆದರಿಸುವ ಸ್ಪರ್ಧೆಗಳ ಸೀಸನ್ ಶುರು. ಪಕ್ಕದ ಶಿಕಾರಿಪುರ, ಹಾವೇರಿ ಕಡೆಯೂ ಇದೇ ಹುಚ್ಚು. ನೋಡದವರಿಗೆ ಹೇಳಿಬಿಡ್ತೀನಿ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲು ಕಟ್ಟಿ, ಎರಡೂ ಕಡೆ ಜನ ಕಿಕ್ಕಿರಿದ ಅಖಾಡಕ್ಕೆ ಬಿಡ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಕೀಳಬೇಕು, ಹೋರಿ ಯಾರ ಕೈಗೂ ಸಿಗದೆ ಪಾರಾಗಬೇಕು. ಬಹುಮಾನಕ್ಕೆ ಬೈಕು, ಬಂಗಾರ, ಫ್ರಿಜ್ಜು. ಒಂದೊಂದು ಹೋರಿಗೂ ಸಿನಿಮಾ ಟೈಟಲ್‌ನಂಥ ಹೆಸರು, ಅಭಿಮಾನಿ ಬಳಗ, ರೀಲ್ಸ್ ಬೇರೆ.

ನೋಡೋಕೆ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲ್ಲ. ಹಿಂಸೆ ಅಂತ ನಗರದವರು, ಸಂಪ್ರದಾಯ ಅಂತ ಊರವರು ವಾದಿಸಿ ಸುಸ್ತಾಗಿದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿತು. 2017ರಲ್ಲಿ ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಗಾಡಿ ಓಟ ಉಳಿಸಿಕೊಂಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸರ್ಕಾರ ಕೊಟ್ಟ ಕಾರಣ ಎರಡು: ಸಂಪ್ರದಾಯ ಮತ್ತು ದೇಶಿ ತಳಿಗಳ ಉಳಿವು. ಹೋರಿ ಹಬ್ಬದ ಪರ ಮಾತಾಡುವವರ ಬಾಯಲ್ಲೂ ಈಗ ಇದೇ ಎರಡು ಮಾತು. ಟೆಸ್ಟ್ ಕೇಸ್ ಬರೆದು ಹೊಟ್ಟೆ ಹೊರೆಯುವ ನನಗೆ ಕಾಡೋದು ಮಾತ್ರ ಬೇರೆ ಪ್ರಶ್ನೆ. ಈ ಸ್ಪರ್ಧೆ ಅಳೆಯೋದಾದ್ರೂ ಏನನ್ನ?

ಹೆಸರಲ್ಲೇ ಇದೆಯಲ್ಲ, ಬೆದರಿಸೋದು. ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ಆಮೇಲೆ ಕೇಳ್ತಾನೆ: ಹಾಯ್ತೈತಾ? ಬೆದರ್ತೈತಾ? ಹೌದು ಅಂದ್ರೆ ರೇಟು ಬಿತ್ತು. ಜಗಳೂರು ಕಡೆಯ ನಮ್ಮ ಮಾವ ಹೇಳೋದು ಇಷ್ಟೇ: “ಬೆದರೋ ಎತ್ತು ತಗಂಡು ಏನ್ ಮಾಡ್ತಿ ಅಳಿಯ, ಕುಂಟೆ ಹೂಡಾಕಾಗುತ್ತಾ?” ಹೊಲದಲ್ಲಿ ಕಳೆಯೋ ಗುಣಕ್ಕೆ ಅಖಾಡದಲ್ಲಿ ಬಂಗಾರ!

ಕುಂಟೆ ಅಂದಿದ್ದು ಎಡೆಕುಂಟೆ. ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಸಾಲಿನ ನಡುವೆ ಕಳೆ ತೆಗೆಯೋ ಕೆಲಸ. ಸಾಲಿಂದ ಸಾಲಿಗೆ ಎರಡಡಿ ಜಾಗ. ಟ್ರ್ಯಾಕ್ಟರ್ ಹೋದ್ರೆ ಬೆಳೆಯೇ ಹೋಯ್ತು, ಅದಕ್ಕೇ ಇಲ್ಲಿ ಎತ್ತಿಗೆ ಇನ್ನೂ ಕೆಲಸ ಇದೆ. ಬಾಯಿಗೆ ಕುಕ್ಕೆ ಹಾಕಿಸಿಕೊಂಡು, ಒಂದು ಪೈರನ್ನೂ ತುಳಿಯದೆ ನಡೆದು, ಬದುವಿನ ಹತ್ತಿರ ಬರೀ ಬಾಯಿಮಾತಿಗೆ ತಿರುಗಬೇಕು. ಜೊತೆಯ ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಇದಕ್ಕೆ ನಮ್ಮ ಕಡೆ ಯಾರಾದ್ರೂ ಬೈಕ್ ಕೊಟ್ಟಿದ್ದು ನಾನಂತೂ ನೋಡಿಲ್ಲ.

ಅಮೆರಿಕದ ದನಗಾಹಿಗಳು ತಮ್ಮ ಕುದುರೆಗೆ ಇಡೋ ಪರೀಕ್ಷೆ ನೋಡಿ. ‘ಕಟಿಂಗ್’ ಅಂತಾರೆ. ಸವಾರ ಮಂದೆಯಿಂದ ಒಂದು ದನವನ್ನ ಬೇರೆ ಮಾಡಿ, ಲಗಾಮು ಸಡಿಲ ಬಿಟ್ಟು ಸುಮ್ಮನೆ ಕೂರ್ತಾನೆ. ಆ ದನ ವಾಪಸ್ ಮಂದೆ ಸೇರದ ಹಾಗೆ ತಡೆಯೋದು ಕುದುರೆಯದೇ ಕೆಲಸ. ಸಮಯ ಎರಡೂವರೆ ನಿಮಿಷ, ನಡುವೆ ಲಗಾಮು ಎಳೆದು ದಾರಿ ತೋರಿಸಿದ್ರೆ ಅಂಕ ಕಟ್. ಅಲ್ಲೂ ದುಡ್ಡಿನ ಗದ್ದಲ, ಗಾಯ, ವಿವಾದ ಇಲ್ಲ ಅಂತಲ್ಲ. ಆದ್ರೆ ಗೆದ್ದ ಕುದುರೆಯ ಗುಣ ಮರುದಿನ ದನ ಮೇಯಿಸೋ ಕಡೆ ಉಪಯೋಗಕ್ಕೆ ಬರುವಂಥದ್ದು.

ಓಟವೂ ನಮ್ಮ ದನಗಳ ಕಸುಬೇ ಆಗಿತ್ತಲ್ವಾ ಅಂತ ಕೇಳಬಹುದು. ಆಗಿತ್ತು. ಹೈದರ್, ಟಿಪ್ಪು ಸೈನ್ಯದ ಫಿರಂಗಿ ಎಳೆದಿದ್ದು ಅಮೃತಮಹಲ್ ಎತ್ತುಗಳೇ. ಆದರೆ ಅದು ನೊಗ ಹೊತ್ತ ನಡೆ, ಮನುಷ್ಯನ ಜೊತೆಗಿನದು. ಅಖಾಡದ್ದು ಮನುಷ್ಯನಿಂದ ತಪ್ಪಿಸಿಕೊಳ್ಳೋ ಓಟ. ತಳಿ ಉಳಿಸ್ತೀವಿ ಅನ್ನೋರು ಯಾವ ಗುಣಕ್ಕೆ ಬಹುಮಾನ ಕೊಡ್ತಾರೋ ಆ ಗುಣವೇ ಉಳಿಯೋದು. ಹತ್ತು ವರ್ಷ ಹೀಗೇ ಆರಿಸಿದ್ರೆ ಕೊಟ್ಟಿಗೆಯಲ್ಲಿ ನಿಲ್ಲೋದು ಎಂಥ ದನ? ಅದರ ಕೋಡಿಗೆ ಸಿಕ್ಕಿ ಸತ್ತ ಹುಡುಗರ ಸುದ್ದಿಯಂತೂ ಸೀಸನ್ ಬಂದಾಗೆಲ್ಲ ಪೇಪರಲ್ಲಿ ಓದ್ತೀವಿ.

ಚನ್ನಗಿರಿಯ ನೀರಾವರಿ ಕಡೆ ಎಲ್ಲ ಅಡಿಕೆ ತೋಟ, ಅಲ್ಲಿ ಎಡೆಕುಂಟೆಯ ಮಾತೇ ಬೇಡ. ಆದ್ರೆ ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ಒಂದು ಸ್ಪರ್ಧೆ ಇಡಬಹುದು. ಜೋಡಿಗೆ ಹತ್ತು ಸಾಲು. ಮುರಿದ ಪೈರಿಗೆ ಒಂದು ಅಂಕ ಕಟ್, ಬಾರುಕೋಲು ಮುಟ್ಟಿದ್ರೆ ಐದು. ಕಮೆಂಟರಿಗೆ ಅದೇ ಮೈಕಿನವರೇ ಇರಲಿ, ಅವರಿಲ್ದೆ ಜನ ಸೇರಲ್ಲ.