‘ರಾಜಿ’: ಗುಣದೋಷ ವಿವೇಚನೆ

ಕಥೆಯನ್ನು ಓದುವುದು ಒಂದು ಬಗೆ. ನಾಟಕವಾಗಿ ನೋಡುವುದು ಇನ್ನೊಂದು. ಕಥೆಯೊಳಗೆ ತಾನೇ ಹೊಕ್ಕು ನಡೆಯುವುದು ಮೂರನೆಯದು. ಈ ಮೂರನೆಯ ಬಗೆಯೇ ಕಥಾಪ್ರಧಾನವಾದ ವೀಡಿಯೋ ಆಟ. ಇದನ್ನು ಕೇವಲ ಕಾಲಹರಣವೆಂದು ಹಿರಿಯರು ತಳ್ಳಿಬಿಡುವುದುಂಟು. ಆದರೆ ನಮ್ಮ ಪುರಾಣವನ್ನೇ ವಸ್ತುವಾಗಿ ತೆಗೆದುಕೊಂಡ ಕೃತಿಯು ಮನೆಯ ಮಕ್ಕಳ ಕೈಸೇರಿದಾಗ, ಅದನ್ನೂ ಕಾವ್ಯನಾಟಕಗಳಂತೆ ಒರೆಗೆ ಹಚ್ಚಿ ನೋಡಬೇಕಾಗುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯವರು 2020ರಲ್ಲಿ ಹೊರತಂದ ‘ರಾಜಿ: ಆನ್ ಏನ್ಷಂಟ್ ಎಪಿಕ್’ ಅಂಥ ಕೃತಿ.

ರಕ್ಷಾಬಂಧನದ ದಿನ ಅಸುರರು ನುಗ್ಗಿ ಮಕ್ಕಳನ್ನು ಹೊತ್ತೊಯ್ಯುತ್ತಾರೆ. ಕಸರತ್ತಿನಲ್ಲಿ ನುರಿತ ಸರ್ಕಸ್ಸಿನ ಹುಡುಗಿ ರಾಜಿ, ತಮ್ಮ ಗೋಲುವನ್ನು ಅರಸುತ್ತ ಮಹಾಬಲಾಸುರನ ಬೆನ್ನುಹತ್ತುತ್ತಾಳೆ. ತ್ರಿಶೂಲ, ಬಿಲ್ಲು ಮೊದಲಾದ ಆಯುಧಗಳು ದೇವಾನುಗ್ರಹದಿಂದ ದೊರೆಯುತ್ತವೆ. ದುರ್ಗೆ ಮತ್ತು ವಿಷ್ಣು ಮೇಲಿನಿಂದ ನೋಡುತ್ತ ಕಥೆಯನ್ನು ನಿರೂಪಿಸುತ್ತಾರೆ.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ರಾಜಸ್ಥಾನದ ಕೋಟೆಗಳನ್ನು ನೆನಪಿಸುವ ಕಟ್ಟಡಗಳೂ ಭಿತ್ತಿಚಿತ್ರಗಳೂ ಕಣ್ಣಿಗೆ ಹಬ್ಬ. ನಡುನಡುವೆ ಕಥೆಯು ನೆರಳುಬೊಂಬೆಗಳ ಆಟವಾಗಿ ತೆರೆದುಕೊಳ್ಳುತ್ತದೆ. ತೊಗಲುಗೊಂಬೆಯಾಟವನ್ನು ಬಲ್ಲ ಕನ್ನಡಿಗನಿಗೆ ಇದು ಆಪ್ತವೆನಿಸುವುದು ಸಹಜ. ಚೂರಾದ ವರ್ತುಲಚಿತ್ರಗಳನ್ನು ತಿರುಗಿಸಿ ಕೂಡಿಸುವ ಒಗಟುಗಳಲ್ಲಿ ಅಕ್ಕತಮ್ಮಂದಿರ ಹಿಂದಿನ ದಿನಗಳು ಮೂಡುತ್ತವೆ. ಇಲ್ಲಿ ಆಡುವವನ ಕೈಯೇ ಅಕ್ಕನ ನೆನಪನ್ನು ಜೋಡಿಸುತ್ತದೆ. ಇಡೀ ಕೃತಿಯಲ್ಲಿ ಇದಕ್ಕಿಂತ ಉತ್ತಮವಾದ ಕಲ್ಪನೆಯಿಲ್ಲ.

ದೋಷಗಳೂ ಅಲ್ಪವಲ್ಲ. ಕಾಳಗ ಬಂದೊಡನೆ ದಾರಿ ಮುಚ್ಚುತ್ತದೆ; ಅಸುರರ ತಂಡಗಳು ಒಂದರ ಹಿಂದೊಂದು ಬರುತ್ತವೆ; ಅವರು ಸತ್ತ ಮೇಲೆ ಕಥೆ ಮುಂದುವರಿಯುತ್ತದೆ. ಈ ಹೋರಾಟವು ರಾಜಿಯ ಅಳಲನ್ನು ಬೆಳೆಸುವುದಿಲ್ಲ, ಕೇವಲ ತಡೆಯುತ್ತದೆ. ನಿರೂಪಕರಾದ ದೇವತೆಗಳು ಪ್ರೇಕ್ಷಕನು ತಾನೇ ಅನುಭವಿಸಬೇಕಾದುದನ್ನು ಪದೇಪದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅಂತ್ಯವಂತೂ ಥಟ್ಟನೆ ಬರುತ್ತದೆ; ಕಾದ ಮನಸ್ಸಿಗೆ ತೃಪ್ತಿಯಿಲ್ಲ.

ಈ ದೋಷದ ಮೂಲವೇನೆಂಬುದಕ್ಕೆ ನಮ್ಮ ನೆರೆಯ ಹರಿಹರವೇ ದೃಷ್ಟಾಂತ. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ಮೂರ್ತಿಯಾಗಿ ಬಂದು ಸಂಹರಿಸಿದರೆಂಬುದು ಸ್ಥಳಪುರಾಣ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಆ ಮೂರ್ತಿಯ ದರ್ಶನವಾಗುತ್ತದೆ. ಬಲಭಾಗ ಹರ, ಎಡಭಾಗ ಹರಿ. ಆದರೂ ಶರೀರ ಒಂದೇ. ಕಥೆಯೂ ಆಟವೂ ಹೀಗೆ ಏಕಶರೀರವಾದಾಗಲೇ ಈ ಕಲೆಗೆ ಸಿದ್ಧಿ. ‘ರಾಜಿ’ಯ ಒಗಟುಗಳಲ್ಲಿ ಆ ಐಕ್ಯವಿದೆ, ಕಾಳಗಗಳಲ್ಲಿ ಅವೆರಡೂ ಪಕ್ಕಪಕ್ಕದಲ್ಲಿ ನಿಂತ ಎರಡು ಬೇರೆ ವಿಗ್ರಹಗಳು.

ಹಾಗೆಂದು ಮಕ್ಕಳ ಕೈಯಿಂದ ಇದನ್ನು ಕಸಿದುಕೊಳ್ಳಬೇಕಾಗಿಲ್ಲ. ಹಿರಿಯರು ಒಂದು ಸಂಜೆ ಪಕ್ಕದಲ್ಲಿ ಕುಳಿತು, ‘ಎಷ್ಟು ಅಸುರರನ್ನು ಕೊಂದೆ?’ ಎನ್ನುವ ಬದಲು ‘ಅಕ್ಕನಿಗೆ ತಮ್ಮ ಸಿಕ್ಕನೆ?’ ಎಂದು ಕೇಳಲಿ. ಆಗ ಮಗು ಕೊಡುವ ಉತ್ತರವೇ ಈ ಕೃತಿಯ ನಿಜವಾದ ವಿಮರ್ಶೆ.