ದೀಪ ಆರಿದರೆ ಕೆಲಸ ಮುಗಿಯಿತೇ?

ಯಾದಗಿರಿ, ಶಹಾಪುರ, ಸುರಪುರದ ಗ್ಯಾರೇಜುಗಳಲ್ಲಿ ಪೆಟ್ರೋಲ್ ಕಾರಿನ ಆಕ್ಸಿಜನ್ ಸೆನ್ಸರ್ ಬದಲಾಯಿಸಿದಾಗ ಮಾಲೀಕರೂ ಎಲೆಕ್ಟ್ರಿಷಿಯನ್ನರೂ ನೋಡುವುದು ಒಂದನ್ನೇ: ಮೀಟರಿನಲ್ಲಿ ಉರಿಯುತ್ತಿದ್ದ ಚೆಕ್ ಎಂಜಿನ್ ದೀಪ ಆರಿತೋ ಇಲ್ಲವೋ. ಆರಿದರೆ ಕೈಗೆ ಹಣ, ಗಾಡಿ ರಸ್ತೆಗೆ. ಈ ಪರೀಕ್ಷೆ ಸಾಲದು. ಕರೆಂಟು ಎಲ್ಲಿಂದ ತಂದರು, ಎಷ್ಟು ಆಂಪಿಯರ್ ಫ್ಯೂಸ್ ಇಟ್ಟರು, ಅರ್ಥ್ ಎಲ್ಲಿಗೆ ಕೊಟ್ಟರು ಎಂದು ಕೇಳಿದಾಗಲೇ ಕೆಲಸದ ಗುಣ ತಿಳಿಯುತ್ತದೆ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. ಕಂಪನಿಯ ಅಸಲಿ ಸೆನ್ಸರ್ ದುಬಾರಿ. ಅದಕ್ಕಾಗಿ ಕಲಬುರಗಿಗೋ ರಾಯಚೂರಿಗೋ ಹೋದರೆ ದಿನವೇ ಹೋಯಿತು. ಪ್ಲಗ್ ಇಲ್ಲದೆ ಬರುವ ಯೂನಿವರ್ಸಲ್ ಸೆನ್ಸರ್ ತಂದು, ಹಳೆಯ ಪ್ಲಗ್ಗನ್ನು ಕತ್ತರಿಸಿ ಅದಕ್ಕೆ ಜೋಡಿಸುವ ಕ್ರಮ ತಪ್ಪಲ್ಲ. ಬಾಷ್‌ನಂಥ ತಯಾರಕರೇ ಹಾಗೆ ಜೋಡಿಸಲೆಂದು ಇಂಥ ಸೆನ್ಸರ್ ಮಾರುತ್ತಾರೆ. ತಪ್ಪು ಇರುವುದು ಜೋಡಿಸುವ ರೀತಿಯಲ್ಲಿ.

ಬಾಷ್ 1976ರಲ್ಲಿ ತಯಾರಿಸತೊಡಗಿದ ಈ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಕೂತು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ. ಸಾಮಾನ್ಯ ಜಿರ್ಕೋನಿಯಾ ಸೆನ್ಸರಿನ ಸಂಕೇತ ಸುಮಾರು 0.1ರಿಂದ 0.9 ವೋಲ್ಟ್. ಅದು ಕೆಲಸ ಮಾಡಲು 300 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಅದಕ್ಕೇ ಒಳಗೊಂದು ಹೀಟರ್. ಹೀಗಾಗಿ ನಾಲ್ಕು ವೈರು: ಎರಡು ಹೀಟರಿಗೆ, ಒಂದು ಸಂಕೇತಕ್ಕೆ, ಒಂದು ಸಂಕೇತದ ಅರ್ಥ್‌ಗೆ.

ಬಣ್ಣ ನೋಡಿ ಬಣ್ಣಕ್ಕೆ ಸೇರಿಸುವ ರೂಢಿ ಇಲ್ಲೇ ಕೈಕೊಡುತ್ತದೆ. ಬಾಷ್ ಸೆನ್ಸರಿನಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರು ಹೀಟರಿನವು, ಕಪ್ಪು ಸಂಕೇತದ್ದು, ಬೂದು ಅರ್ಥ್‌ನದು. ಡೆನ್ಸೊ ಕಂಪನಿಯ ಸೆನ್ಸರಿನಲ್ಲಿ ಎರಡು ಕಪ್ಪು ಹೀಟರಿನವು, ನೀಲಿ ಸಂಕೇತದ್ದು, ಬಿಳಿ ಅರ್ಥ್‌ನದು. ಡೆನ್ಸೊ ಪ್ಲಗ್ಗಿಗೆ ಬಾಷ್ ಸೆನ್ಸರನ್ನು ಕಪ್ಪಿಗೆ ಕಪ್ಪು ಸೇರಿಸಿದರೆ, ಒಂದು ವೋಲ್ಟೂ ದಾಟದ ಸಂಕೇತದ ವೈರಿಗೆ ಬ್ಯಾಟರಿಯ 12 ವೋಲ್ಟ್ ಹರಿಯಬಹುದು. ಡಬ್ಬಿಯಲ್ಲಿ ಬರುವ ಚೀಟಿ ಓದಿ, ಮಲ್ಟಿಮೀಟರ್ ಹಚ್ಚುವುದಕ್ಕೆ ಹತ್ತು ನಿಮಿಷ ಸಾಕು.

ಫ್ಯೂಸಿನ ವಿಷಯ ಇನ್ನೂ ಗಂಭೀರ. ಹಳೆಯ ಪ್ಲಗ್ಗಿನ ಹೀಟರ್ ವೈರು ಸರಿಯಿದ್ದರೆ ಅದಕ್ಕೆ ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸ್ ಇದ್ದೇ ಇರುತ್ತದೆ. ಹೊಸ ಲೈನ್ ಬೇಡ. ಇಲಿ ಕಡಿದೋ ಸೈಲೆನ್ಸರ್ ತಗುಲಿ ಸುಟ್ಟೋ ವೈರು ಹೋಗಿದ್ದಾಗ ಬ್ಯಾಟರಿಯಿಂದ ‘ಡೈರೆಕ್ಟ್’ ಎಳೆಯುತ್ತಾರೆ. ಫ್ಯೂಸ್ ಕಾಯುವುದು ಸೆನ್ಸರನ್ನಲ್ಲ, ವೈರನ್ನು. ಆದ್ದರಿಂದ ಅದು ಕರೆಂಟು ಹೊರಡುವ ಕಡೆಯೇ, ಗೇಣುದ್ದದೊಳಗೆ ಇರಬೇಕು. ಬಿಸಿಯಾದ ಮೇಲೆ ಹೀಟರ್ ಎಳೆಯುವುದು ಹೆಚ್ಚುಕಡಿಮೆ ಒಂದು ಆಂಪಿಯರ್. ತಣ್ಣಗಿದ್ದಾಗ ತುಸು ಹೆಚ್ಚು. ತಯಾರಕರು 5 ಆಂಪಿಯರ್ ಹೇಳಿದ ಕಡೆ, ‘ಪದೇ ಪದೇ ಹೋಗ್ತದ’ ಎಂದು 20 ಆಂಪಿಯರ್‌ನ ಹಳದಿ ಫ್ಯೂಸ್ ಚುಚ್ಚುವುದು, ತಾಮ್ರದ ಎಳೆ ಸುತ್ತುವುದು ಬೆಂಕಿಗೆ ದಾರಿ ಬಿಟ್ಟಂತೆ. ಪದೇ ಪದೇ ಹೋಗುವ ಫ್ಯೂಸ್, ವೈರು ಎಲ್ಲೋ ಬಾಡಿಗೆ ತಾಗುತ್ತಿದೆ ಎಂದು ಹೇಳುತ್ತಿರುತ್ತದೆ.

ಕೀ ತೆಗೆದ ಮೇಲೂ ಕರೆಂಟು ಇರುವ ಲೈನಿಗೆ ಹೀಟರ್ ಕಟ್ಟಿದರೆ ಇನ್ನೊಂದು ನಷ್ಟ. ಒಂದು ಆಂಪಿಯರ್ ಲೆಕ್ಕದಲ್ಲಿ ಹತ್ತು ಗಂಟೆಯ ರಾತ್ರಿಗೆ, 35 ಆಂಪಿಯರ್-ಅವರ್ ಬ್ಯಾಟರಿಯ ಕಾಲು ಭಾಗಕ್ಕೂ ಹೆಚ್ಚು ಖಾಲಿ. ಅನೇಕ ಕಾರುಗಳಲ್ಲಿ ಹೀಟರಿನ ಅರ್ಥ್ ಬದಿಯನ್ನು ಕಂಪ್ಯೂಟರೇ ಹಿಡಿದಿರುತ್ತದೆ. ಅದನ್ನು ತಪ್ಪಿಸಿ ಬಾಡಿಗೆ ಕಟ್ಟಿದರೆ ಪಿ0135 ಎಂಬ ಹೀಟರ್ ದೋಷದ ಕೋಡ್ ಬರಬಹುದು. ಸಂಕೇತದ ಅರ್ಥ್ ಕೂಡ ಅದರ ಸ್ವಂತ ವೈರಿಗೇ ಹೋಗಬೇಕು. ತುಕ್ಕು ಹಿಡಿದ ಬೋಲ್ಟಿಗೆ ಕೊಟ್ಟರೆ 0.2 ವೋಲ್ಟಿನ ವ್ಯತ್ಯಾಸವೂ ಓದನ್ನು ತಲೆಕೆಳಗು ಮಾಡುತ್ತದೆ.

ಜೋಡಣೆಯದು ಕೊನೆಯ ದೂರು. ವೈರು ತಿರುಚಿ ಟೇಪ್ ಸುತ್ತಿದರೆ ನಮ್ಮ ಏಪ್ರಿಲ್–ಮೇ ಬಿಸಿಲಿಗೆ, ಸೈಲೆನ್ಸರಿನ ಕಾವಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎರೆಮಣ್ಣಿನ ಧೂಳು, ಗದ್ದೆ ಬದಿಯ ರಾಡಿ ಒಳಹೊಕ್ಕು ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆಯೂ ಪರಿಹಾರವಲ್ಲ: ಹೊಗೆಯೊಂದಿಗೆ ಹೋಲಿಸಲು ಬೇಕಾದ ಹೊರಗಿನ ಗಾಳಿಯನ್ನು ಅನೇಕ ಸೆನ್ಸರುಗಳು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಆ ಸಂದಿಯನ್ನು ಮುಚ್ಚಿಬಿಡುತ್ತದೆ. ಲಗ್ ಹಾಕಿ ಬಿಗಿಯಾಗಿ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ, ಪೈಪಿನಿಂದ ದೂರ ಕಟ್ಟುವುದೇ ಸರಿ.

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಈ ಕೆಲಸದ ಹೊಣೆ ಹೆಚ್ಚಿದೆ. ಸೆನ್ಸರ್ ತಪ್ಪು ಹೇಳಿದರೆ ಪೆಟ್ರೋಲ್ ವ್ಯರ್ಥ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಹಾನಿ. ಅದರ ಬೆಲೆ ಸೆನ್ಸರಿನ ಎಷ್ಟೋ ಪಟ್ಟು. ನಮ್ಮ ಎಲೆಕ್ಟ್ರಿಷಿಯನ್ನರ ಕೈಗೆ ಕಸುಬು ಇದೆ. ಕೊರತೆ ಇರುವುದು ಚೌಕಾಸಿ ಮಾಡಿ ಅವಸರಪಡಿಸುವ ನಮ್ಮಲ್ಲಿ, ‘ಡೈರೆಕ್ಟ್’ ಮಾಡಿದ್ದನ್ನು ರಿಪೇರಿ ಎಂದು ಒಪ್ಪುವ ವಾಡಿಕೆಯಲ್ಲಿ. ಫ್ಯೂಸ್ ಹೋಲ್ಡರಿಗೆ, ಸ್ಲೀವಿಗೆ, ಮಲ್ಟಿಮೀಟರ್ ಹಿಡಿದ ಹೊತ್ತಿಗೆ ನಾವು ಕೂಲಿ ಕೊಡಬೇಕು. ಫ್ಯೂಸ್ ಇಲ್ಲದ ಲೈನನ್ನು, ದೀಪ ಆರಿದ್ದರೂ, ಒಪ್ಪಿಕೊಳ್ಳಬಾರದು.